ಪರದೆ ಕಪ್ಪಾದಾಗ ಏನು ಮಾಡಬೇಕು? ವಿಡಿಯೋ ರೂಟರ್ ಕನೆಕ್ಷನ್ ತೊಂದರೆಗಳಿಗೆ ಸಮಗ್ರ ಮಾರ್ಗದರ್ಶಿ

ವೇದಿಕೆಯ ಎಲ್‌ಇಡಿ ಗೋಡೆ ಕಪ್ಪಾಯಿತು ಅಂದರೆ ಮೊದಲು ಬೈಸಿಕೊಳ್ಳುವುದು ರೂಟರ್. ಪಾಪ, ಬಹುತೇಕ ಸಲ ಅದರ ತಪ್ಪೇ ಇರುವುದಿಲ್ಲ. ಕೇಬಲ್, ಕನೆಕ್ಟರ್, ಐಪಿ ವಿಳಾಸ, ಯಾರೋ ಹಾಕಿಟ್ಟ ಲಾಕ್ – ಇವುಗಳಲ್ಲಿ ಒಂದು ಕೈಕೊಟ್ಟಿರುತ್ತದೆ.

ಇಲ್ಲಿ ರೂಟರ್ ಅಂದರೆ ಇಂಟರ್ನೆಟ್ ಕೊಡುವ ಡಬ್ಬಿ ಅಲ್ಲ. ಒಮ್ಮೆ ನಾನು "ಗಾಡಿಯಿಂದ ರೂಟರ್ ತಗೊಂಡು ಬಾ" ಅಂದಾಗ ಹೊಸ ಹುಡುಗ ಓಡಿಹೋಗಿ ವೈಫೈ ಡಬ್ಬಿ ತಂದುಕೊಟ್ಟಿದ್ದ. ಸರಿಯಾಗಿ ಹೇಳದ ತಪ್ಪು ನನ್ನದೇ. ವಿಡಿಯೋ ರೂಟರ್ ಕೆಲಸ ಬೇರೆ. ಕ್ಯಾಮೆರಾ, ಲ್ಯಾಪ್‌ಟಾಪ್, ಸ್ವಿಚರ್‌ಗಳಿಂದ (ಕ್ಯಾಮೆರಾಗಳ ನಡುವೆ ಬದಲಿಸುವ ಯಂತ್ರ) ಬರುವ ಎಸ್‌ಡಿಐ ಸಿಗ್ನಲ್‌ಗಳನ್ನು (ಒಂದೇ ಕೇಬಲ್ಲಿನಲ್ಲಿ ಹೋಗುವ ಡಿಜಿಟಲ್ ವಿಡಿಯೋ) ಒಂದು ಕಡೆ ಸೇರಿಸಿ, ಬೇಕಾದದ್ದನ್ನು ಬೇಕಾದ ಮಾನಿಟರ್‌ಗೋ ರೆಕಾರ್ಡರ್‌ಗೋ ಕಳಿಸುವುದು. ಒಂದೇ ಇನ್‌ಪುಟ್ಟನ್ನು ಹತ್ತು ಔಟ್‌ಪುಟ್‌ಗೂ ಕಳಿಸಬಹುದು. ಆದರೆ ಒಂದು ಔಟ್‌ಪುಟ್‌ಗೆ ಒಂದು ಸಲಕ್ಕೆ ಒಂದೇ ಇನ್‌ಪುಟ್.

ಉದಾಹರಣೆಗೆ ನಾನು ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ವಿಡಿಯೋಹಬ್ ರೂಟರ್ ಇಟ್ಟುಕೊಳ್ಳುತ್ತೇನೆ. ಸಣ್ಣ ಸ್ಟುಡಿಯೋ, ಲೈವ್ ತಂಡಗಳಲ್ಲಿ ಜಾಸ್ತಿ ಕಾಣುವುದು ಅದೇ, ನನಗೆ ಕೈಪಳಗಿರುವುದೂ ಅದೇ. ನಿಮ್ಮದು ಬೇರೆ ಕಂಪನಿಯದ್ದಾದರೆ ಪೋರ್ಟ್ ನಂಬರು, ಸಾಫ್ಟ್‌ವೇರ್ ಹೆಸರು ಬದಲಾಗುತ್ತವೆ. ಹುಡುಕುವ ಬಗೆ ಬದಲಾಗುವುದಿಲ್ಲ.

ಮೊದಲು ದಾರಿ ಯಾವುದು ಅಂತ ತಿಳಿದುಕೊಳ್ಳಿ

ರೂಟರ್‌ಗೆ ಎರಡು ದಾರಿಗಳಿವೆ. ಒಂದು ಹುಕುಂ ಹೋಗುವ ದಾರಿ: ನಿಮ್ಮ ಕಂಪ್ಯೂಟರಿನಿಂದ ನೆಟ್‌ವರ್ಕ್ ಕೇಬಲ್ ಅಥವಾ ಯುಎಸ್‌ಬಿ ಮೂಲಕ "3ನೇ ಇನ್‌ಪುಟ್ಟನ್ನು 7ನೇ ಔಟ್‌ಪುಟ್‌ಗೆ ಕಳಿಸು" ಅನ್ನುವ ಆಜ್ಞೆ ಹೋಗುವುದು. ಇನ್ನೊಂದು ಚಿತ್ರ ಹೋಗುವ ದಾರಿ: ತಿರುಗಿಸಿ ಲಾಕ್ ಮಾಡುವ ದುಂಡು ಕನೆಕ್ಟರಿನ ಬಿಎನ್‌ಸಿ ಕೇಬಲ್‌ಗಳದ್ದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿದರೂ ಚಿತ್ರ ಆರಾಮಾಗಿ ಹರಿಯುತ್ತಿರುತ್ತದೆ. ಚಿತ್ರವೇ ಇಲ್ಲದಿದ್ದರೂ ಸಾಫ್ಟ್‌ವೇರ್ ಎಲ್ಲ ಸರಿಯಿದೆ ಎಂಬಂತೆ ಬಟನ್ ತೋರಿಸುತ್ತಿರುತ್ತದೆ. ಇವೆರಡನ್ನು ಕಲಸಿಕೊಂಡವರು ಚಿತ್ರ ಬರದಿದ್ದಾಗ ಐಪಿ ವಿಳಾಸ ಬದಲಾಯಿಸುತ್ತಾ ಕೂರುತ್ತಾರೆ. ನಾನೂ ಕೂತಿದ್ದೇನೆ.

ಆದ್ದರಿಂದ ಮೊದಲ ಪ್ರಶ್ನೆ ಇದು: ಕಾಣದಿರುವುದು ಚಿತ್ರವೋ, ರೂಟರ್ರೋ? ಸಾಫ್ಟ್‌ವೇರ್‌ನಲ್ಲಿ ರೂಟರ್ ಕಾಣಿಸುತ್ತಿದ್ದು ಪರದೆ ಕಪ್ಪಾಗಿದ್ದರೆ ಸೀದಾ ಚಿತ್ರದ ದಾರಿಗೆ ಹೋಗಿ. ಚಿತ್ರಗಳು ಓಡುತ್ತಿದ್ದು ಸಾಫ್ಟ್‌ವೇರ್‌ಗೆ ಮಾತ್ರ ರೂಟರ್ ಸಿಗುತ್ತಿಲ್ಲವಾದರೆ ಹುಕುಂ ದಾರಿ. ಎರಡೂ ಸತ್ತಿದ್ದರೆ ಪವರ್ ಕೇಬಲ್ ನೋಡಿ. ನಗಬೇಡಿ, ಎಕ್ಸ್‌ಟೆನ್ಶನ್ ಬೋರ್ಡಿಗೆ ಯಾರೋ ಫೋನ್ ಚಾರ್ಜರ್ ಹಾಕಲು ಹೋಗಿ ರೂಟರಿನ ಪ್ಲಗ್ ಕಿತ್ತಿರುತ್ತಾರೆ.

ಇನ್ನೊಂದು ಮಾತು. ಕಾರ್ಯಕ್ರಮ ನಡೆಯುತ್ತಿರುವಾಗ "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ" ಅನ್ನಬೇಡಿ. ಒಂದು ಪರದೆ ಕಪ್ಪಾಗಿದ್ದದ್ದು ಎಲ್ಲ ಪರದೆಗಳೂ ಕಪ್ಪಾಗುತ್ತವೆ. ಮುಟ್ಟುವ ಮುಂಚೆ ರೂಟರ್ ಹಿಂಭಾಗದ ಫೋಟೋ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಹುಕುಂ ದಾರಿ: ಸಾಫ್ಟ್‌ವೇರ್‌ಗೆ ರೂಟರ್ ಸಿಗದಿದ್ದಾಗ

ಹಂತ 1. ದೀಪ ನೋಡಿ. ನೆಟ್‌ವರ್ಕ್ ಪೋರ್ಟಿನ ಪಕ್ಕದ ಸಣ್ಣ ಎಲ್‌ಇಡಿ ಉರಿಯುತ್ತಿದೆಯಾ? ಉರಿಯದಿದ್ದರೆ ಕೇಬಲ್ ಬದಲಿಸಿ, ನೆಟ್‌ವರ್ಕ್ ಸ್ವಿಚ್‌ನ ಬೇರೆ ಪೋರ್ಟಿಗೆ ಹಾಕಿ. ನೆಟ್‌ವರ್ಕ್ ಕೇಬಲ್ ತುದಿಯ ಆರ್‌ಜೆ45 ಪಿನ್ನಿನ ಪ್ಲಾಸ್ಟಿಕ್ ನಾಲಿಗೆ ಮುರಿದ ಕೇಬಲ್ ಇದ್ದರೆ ಅಲ್ಲೇ ಕತ್ತರಿಸಿ ಬಿಸಾಕಿ. ಅದು ಕೂತಂತೆ ಕಾಣುತ್ತದೆ, ಯಾರಾದರೂ ನಡೆದರೆ ಜಾರುತ್ತದೆ.

ಹಂತ 2. ಐಪಿ ವಿಳಾಸ ಹೊಂದುತ್ತದೆಯೇ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ರೂಟರಿನ ವಿಳಾಸ 192.168.10.50 ಅಂತಿಟ್ಟುಕೊಳ್ಳಿ, ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ಒಂದೇ ಇರಬೇಕು ಅಂತ ಹೇಳುವುದು) 255.255.255.0. ಆಗ ನಿಮ್ಮ ಕಂಪ್ಯೂಟರಿನ ವಿಳಾಸದ ಮೊದಲ ಮೂರು ಭಾಗ 192.168.10 ಆಗಿರಲೇಬೇಕು. ಕೊನೆಯ ಭಾಗ ಮಾತ್ರ ಬೇರೆ ಇರಬೇಕು. ಒಂದೇ ಬೀದಿ, ಬೇರೆ ಬೇರೆ ಮನೆ ನಂಬರು ಇದ್ದಂತೆ. ಕಂಪ್ಯೂಟರಿನ ವಿಳಾಸ 169.254 ಅಂತ ಶುರುವಾಗಿದ್ದರೆ ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ಕೈಯಾರೆ ಸ್ಥಿರ ವಿಳಾಸ ಹಾಕಿ.

ರೂಟರಿನ ವಿಳಾಸವೇ ಗೊತ್ತಿಲ್ಲವಾ? ಮುಂಭಾಗದಲ್ಲಿ ಪುಟ್ಟ ಪರದೆ ಇರುವ ಮಾದರಿಯಾದರೆ ಅದರ ಮೆನುವಿನಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಯುಎಸ್‌ಬಿ ಹಾಕಿ ಕಂಪ್ಯೂಟರಿನಲ್ಲಿ ವಿಡಿಯೋಹಬ್ ಸೆಟಪ್ ಅನ್ನುವ ಸಾಫ್ಟ್‌ವೇರ್ ತೆರೆಯಿರಿ. ಯುಎಸ್‌ಬಿಯಲ್ಲೂ ಏನೂ ಕಾಣದಿದ್ದರೆ ಆ ಕೇಬಲ್ ಬರೀ ಚಾರ್ಜಿಂಗ್‌ನದ್ದಾಗಿರಬಹುದು. ಒಳಗೆ ಡೇಟಾ ತಂತಿಗಳೇ ಇರುವುದಿಲ್ಲ. ಫೋನಿನಿಂದ ಫೋಟೋ ಕಾಪಿ ಮಾಡಲು ಆಗುವ ಕೇಬಲ್ ಹಾಕಿ ನೋಡಿ.

ಹಂತ 3. ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಅಂತ ಕೇಳುವ ಸಣ್ಣ ಸಂದೇಶ ಕಳಿಸಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ರೂಟರಿನ ವಿಳಾಸಕ್ಕೆ ಪಿಂಗ್ ಕಳಿಸಿ. ಉತ್ತರ ಬಂದರೆ ಕೇಬಲ್, ವಿಳಾಸ ಎರಡೂ ಸರಿ. ಒಮ್ಮೆ ಬಂದು ಒಮ್ಮೆ ಬರದಿದ್ದರೆ ಒಂದೇ ವಿಳಾಸವನ್ನು ಎರಡು ಸಾಧನಗಳು ಹಂಚಿಕೊಂಡಿರುವ ಸಾಧ್ಯತೆ ಇದೆ. ಪರೀಕ್ಷೆ ಸುಲಭ. ರೂಟರಿನ ನೆಟ್‌ವರ್ಕ್ ಕೇಬಲ್ ಕಿತ್ತು ಪಿಂಗ್ ಮಾಡಿ. ಆಗಲೂ ಉತ್ತರ ಬಂತು ಅಂದರೆ ಆ ವಿಳಾಸದಲ್ಲಿ ಇನ್ಯಾರೋ ಕೂತಿದ್ದಾರೆ. ಬಾಡಿಗೆಗೆ ತಂದ ಎರಡು ತಂಡಗಳ ಸಾಮಾನು ಒಂದೇ ಕಡೆ ಸೇರಿದಾಗ ಇದು ಮಾಮೂಲಿ.

ಹಂತ 4. ವೈಫೈ ಆಫ್ ಮಾಡಿ. ಲ್ಯಾಪ್‌ಟಾಪ್ ಒಂದು ಕಡೆ ವೈಫೈಯಲ್ಲೂ ಇನ್ನೊಂದು ಕಡೆ ಕೇಬಲ್ಲಿನಲ್ಲೂ ಇರುತ್ತದೆ. ಎರಡರಲ್ಲೂ ವಿಳಾಸದ ಬೀದಿ ಒಂದೇ ಆಗಿದ್ದರೆ ನಿಮ್ಮ ಆಜ್ಞೆ ವೈಫೈ ಕಡೆ ಹೋಗಿ ಅಲ್ಲೇ ಕಳೆದುಹೋಗಬಹುದು. ಹತ್ತು ಸೆಕೆಂಡಿನ ಪರೀಕ್ಷೆ, ಆದರೂ ಮರೆಯುತ್ತೇವೆ.

ಹಂತ 5. ಪಿಂಗ್ ಬಂದರೂ ಸಾಫ್ಟ್‌ವೇರ್ ಹಿಡಿಯದಿದ್ದರೆ ಪೋರ್ಟ್ ತಟ್ಟಿ ನೋಡಿ (ಇದು ಕೇಬಲ್ ಹಾಕುವ ತೂತಲ್ಲ, ಸಾಫ್ಟ್‌ವೇರ್ ಮಾತಾಡುವ ಬಾಗಿಲಿನ ನಂಬರು). ವಿಡಿಯೋಹಬ್ ಟಿಸಿಪಿ ಪೋರ್ಟ್ 9990ರಲ್ಲಿ ಮಾತಾಡುತ್ತದೆ. ವಿಂಡೋಸ್ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆಜ್ಞೆಗೆ ವಿಳಾಸವನ್ನೂ ಈ ಪೋರ್ಟನ್ನೂ ಕೊಟ್ಟರೆ ಬಾಗಿಲು ತೆರೆದಿದೆಯೋ ಇಲ್ಲವೋ ಹೇಳುತ್ತದೆ. ಟೆಲ್‌ನೆಟ್‌ನಲ್ಲಿ (ಬರೀ ಅಕ್ಷರಗಳಲ್ಲೇ ಸಾಧನದ ಜೊತೆ ಮಾತಾಡಿಸುವ ಪ್ರೋಗ್ರಾಂ) ಹೋದರೆ ಇನ್ನೂ ಚೆನ್ನ. ಕನೆಕ್ಟ್ ಆದ ಕೂಡಲೇ ರೂಟರ್ ತನ್ನ ಜಾತಕವನ್ನೆಲ್ಲ ಸರಳ ಅಕ್ಷರಗಳಲ್ಲಿ ಸುರಿಯುತ್ತದೆ: ಮಾದರಿ ಹೆಸರು, ಇನ್‌ಪುಟ್ ಲೇಬಲ್‌ಗಳು, ಔಟ್‌ಪುಟ್ ಲೇಬಲ್‌ಗಳು, ಯಾವ ಔಟ್‌ಪುಟ್‌ಗೆ ಯಾವ ಇನ್‌ಪುಟ್, ಎಲ್ಲಿ ಲಾಕ್ ಇದೆ, ಎಲ್ಲವೂ. ಇದು ಬಂತು ಅಂದರೆ ರೂಟರ್ ಗಟ್ಟಿಮುಟ್ಟಾಗಿದೆ, ತೊಂದರೆ ನಿಮ್ಮ ಸಾಫ್ಟ್‌ವೇರ್ ಅಥವಾ ಫೈರ್‌ವಾಲ್‌ನಲ್ಲಿದೆ. "ನೀಡ್ಸ್ ಅಪ್‌ಡೇಟ್" ಅಂತ ಬಂದರೆ ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಹಳೆಯದು. ಅಪ್‌ಡೇಟ್ ಮಾಡಿ, ಆದರೆ ಕಾರ್ಯಕ್ರಮದ ದಿನ ಬೇಡ. ನಡುವೆ ಕರೆಂಟ್ ಹೋದರೆ ಫಜೀತಿ.

ಒಂದು ಅಡ್ಡಮಾತು, ಸ್ವಂತ ಬಟನ್ ಪ್ಯಾನೆಲ್ ಮಾಡಿಕೊಳ್ಳುವವರಿಗೆ. ಟೆಲ್‌ನೆಟ್‌ನಲ್ಲಿ ರೂಟರ್ ಸುರಿಯುವ ಪಠ್ಯದಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹಿಂಭಾಗದಲ್ಲಿ 1 ಅಂತ ಬರೆದಿರುವ ಇನ್‌ಪುಟ್ ಇಲ್ಲಿ 0. "ಒತ್ತಿದ್ದು ಒಂದು, ಬಂದದ್ದು ಪಕ್ಕದ್ದು" ಅನ್ನುವ ದೂರು ಬಂದರೆ ಇದನ್ನೇ ಮೊದಲು ನೋಡಿ.

ಹಂತ 6. ಪಟ್ಟಿಯಲ್ಲಿ ಕಾಣುತ್ತಿಲ್ಲ, ಆದರೆ ವಿಳಾಸ ಟೈಪ್ ಮಾಡಿದರೆ ಸಿಗುತ್ತದೆ ಅಂತಾದರೆ ಹುಡುಕುವ ವ್ಯವಸ್ಥೆಯದ್ದು ತಕರಾರು. ಸಾಧನಗಳನ್ನು ತಾನಾಗೇ ಪತ್ತೆ ಹಚ್ಚುವ ಬೊಂಜೂರ್ ಸಾಮಾನ್ಯವಾಗಿ ತನ್ನ ಸಬ್‌ನೆಟ್, ಅಂದರೆ ತನ್ನ ವಿಳಾಸದ ಬೀದಿ, ದಾಟಿ ಹೋಗುವುದಿಲ್ಲ. ಸೆಟ್ಟಿಂಗ್ ಬದಲಿಸಬಹುದಾದ ಕೆಲವು (ಮ್ಯಾನೇಜ್ಡ್) ನೆಟ್‌ವರ್ಕ್ ಸ್ವಿಚ್‌ಗಳು ಅದನ್ನು ತಡೆಯುತ್ತವೆ ಕೂಡ. ಮ್ಯಾಕ್‌ನವರು ಇನ್ನೊಂದನ್ನು ನೋಡಬೇಕು. 2024ರಲ್ಲಿ ಬಂದ ಮ್ಯಾಕ್‌ಒಎಸ್ ಸೆಕೋಯಾದಿಂದ ಈಚೆಗೆ ಪ್ರತಿ ಆ್ಯಪ್ ಸ್ಥಳೀಯ ನೆಟ್‌ವರ್ಕ್ ನೋಡಲು ಅನುಮತಿ ಕೇಳುತ್ತದೆ. ಗಡಿಬಿಡಿಯಲ್ಲಿ "ಬೇಡ" ಅಂತ ಒತ್ತಿದ್ದರೆ ಆ ಆ್ಯಪ್‌ಗೆ ರೂಟರ್ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಲೋಕಲ್ ನೆಟ್‌ವರ್ಕ್‌ಗೆ ಹೋಗಿ ಅದನ್ನು ಆನ್ ಮಾಡಿ.

ಹಂತ 7. ರೂಟರ್ ಕಾಣುತ್ತಿದೆ, ಬಟನ್ ಒತ್ತಿದರೆ ಮಾತ್ರ ಏನೂ ಆಗುತ್ತಿಲ್ಲವಾ? ಲಾಕ್ ನೋಡಿ. ಒಬ್ಬ ಆಪರೇಟರ್ ಲಾಕ್ ಮಾಡಿದ ಔಟ್‌ಪುಟ್ಟನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಲು ಆಗುವುದಿಲ್ಲ. ಒಂದು ಊರಿನ ತೇರಿನ ನೇರಪ್ರಸಾರದಲ್ಲಿ ನಾನು ಕಾಲು ಗಂಟೆ ಒಂದೇ ಬಟನ್ ಒತ್ತುತ್ತಾ ಬೆವರಿದ್ದೆ. ಬೆಳಗ್ಗೆ ಅದನ್ನು ಲಾಕ್ ಮಾಡಿಟ್ಟವನು ನಾನೇ, ಇನ್ನೊಂದು ಲ್ಯಾಪ್‌ಟಾಪಿನಿಂದ. ಟೇಕ್ ಮೋಡ್ ಆನ್ ಆಗಿದ್ದರೂ ಹೀಗೇ. ಆಯ್ಕೆ ಮಾಡಿದ ಮೇಲೆ ಟೇಕ್ ಒತ್ತಿ ಖಚಿತಪಡಿಸುವ ತನಕ ರೂಟ್ ಬದಲಾಗುವುದಿಲ್ಲ.

ಚಿತ್ರದ ದಾರಿ: ಅರ್ಧ ಅರ್ಧ ಮಾಡುತ್ತಾ ಹೋಗಿ

ಕ್ಯಾಮೆರಾದಿಂದ ಪರದೆಯ ತನಕ ಹತ್ತಾರು ಕೊಂಡಿಗಳಿವೆ. ಒಂದೊಂದನ್ನೇ ನೋಡಿದರೆ ಕಾರ್ಯಕ್ರಮವೇ ಮುಗಿದಿರುತ್ತದೆ. ದಾರಿಯನ್ನು ನಡುವೆ ಕತ್ತರಿಸಿ. ನಡು ಅಂದರೆ ರೂಟರ್.

ಮೊದಲು ಆ ಇನ್‌ಪುಟ್ಟನ್ನು ಚೆನ್ನಾಗಿ ಓಡುತ್ತಿರುವ ಇನ್ನೊಂದು ಔಟ್‌ಪುಟ್‌ಗೆ ಕಳಿಸಿ. ಎದ್ದು ಹೋಗಬೇಕಾಗಿಲ್ಲ, ಕೂತಲ್ಲೇ ಒಂದು ಬಟನ್. ಅಲ್ಲಿ ಚಿತ್ರ ಬಂತಾ? ಹಾಗಾದರೆ ಕ್ಯಾಮೆರಾ ಕಡೆ ಸರಿಯಿದೆ, ತೊಂದರೆ ಔಟ್‌ಪುಟ್ ಕಡೆ. ಅಲ್ಲೂ ಬರಲಿಲ್ಲವಾ? ತೊಂದರೆ ಇನ್‌ಪುಟ್ ಕಡೆ. ಈಗ ತಿರುಗಾಮುರುಗಾ ಮಾಡಿ. ಚೆನ್ನಾಗಿರುವ ಒಂದು ಇನ್‌ಪುಟ್ಟನ್ನು ಕಪ್ಪಾದ ಔಟ್‌ಪುಟ್‌ಗೆ ಕಳಿಸಿ. ಎರಡು ಬಟನ್‌ಗಳಲ್ಲಿ ಅರ್ಧ ಹುಡುಕಾಟ ಮುಗಿಯಿತು.

ನಂತರ ಕೈಕೆಲಸ. ತೊಂದರೆ ಇನ್‌ಪುಟ್ ಕಡೆ ಅಂತಾದರೆ ಆ ಕೇಬಲ್ಲನ್ನು ರೂಟರಿನಿಂದ ಬಿಚ್ಚಿ ನೇರವಾಗಿ ಒಂದು ಎಸ್‌ಡಿಐ ಮಾನಿಟರಿಗೆ ಹಾಕಿ. ಚಿತ್ರ ಬಂದರೆ ರೂಟರಿನ ಆ ಇನ್‌ಪುಟ್ ಮೇಲೆ ಅನುಮಾನ. ಬೇರೆ ಇನ್‌ಪುಟ್‌ಗೆ ಹಾಕಿ ಖಾತ್ರಿ ಮಾಡಿಕೊಳ್ಳಿ. ಬರದಿದ್ದರೆ ಮೂಲಕ್ಕೆ ನಡೆಯಿರಿ, ಕ್ಯಾಮೆರಾ ಪಕ್ಕದಲ್ಲೇ ಗಿಡ್ಡ ಕೇಬಲ್ಲಿನಲ್ಲಿ ಮಾನಿಟರ್ ಹಾಕಿ ನೋಡಿ. ಬ್ಯಾಟರಿಯಲ್ಲಿ ಓಡುವ ಚಿಕ್ಕ ಎಸ್‌ಡಿಐ ಮಾನಿಟರ್ ಒಂದಿದ್ದರೆ ಇದೆಲ್ಲ ನಿಮಿಷಗಳ ಕೆಲಸ. ಇಡೀ ಪೆಟ್ಟಿಗೆಯಲ್ಲಿ ಒಂದೇ ಸಾಮಾನು ಉಳಿಸಿಕೊಳ್ಳಿ ಅಂದರೆ ನಾನು ಅದನ್ನೇ ಉಳಿಸಿಕೊಳ್ಳುತ್ತೇನೆ.

ಕೇಬಲ್ಲು, ಕನೆಕ್ಟರು: ಮುಕ್ಕಾಲು ಪಾಲು ಕಿರಿಕ್ ಇಲ್ಲೇ

ಎಸ್‌ಡಿಐಗೆ 75 ಓಮ್‌ನ ಕೋಆ್ಯಕ್ಸ್ ಕೇಬಲ್ (ನಡುವೆ ಒಂದು ತಂತಿ, ಸುತ್ತ ಜಾಲರಿ), 75 ಓಮ್‌ನ ಬಿಎನ್‌ಸಿ ಬೇಕು. ವೈರ್‌ಲೆಸ್ ಸಾಮಾನಿನವರು ಬಳಸುವ ಆರ್‌ಜಿ-58 ಕೇಬಲ್ 50 ಓಮ್‌ನದು. ಹೊರಗಿಂದ ನೋಡಿದರೆ ಅಣ್ಣತಮ್ಮಂದಿರಂತೆ ಇರುತ್ತವೆ. ಗಿಡ್ಡ ದೂರದಲ್ಲಿ ಅದರಲ್ಲೂ ಚಿತ್ರ ಬಂದುಬಿಡಬಹುದು, ಅದೇ ಅಪಾಯ. ರಿಹರ್ಸಲ್‌ನಲ್ಲಿ ಓಡಿದ್ದು ಸಂಜೆ ಓಡುವುದಿಲ್ಲ. ಕೇಬಲ್ ಮೈಮೇಲಿನ ಅಕ್ಷರ ಓದಿ.

ನಮ್ಮ ಕಡೆ ಇನ್ನೊಂದು ಪಿಡುಗಿದೆ: ಸಿಸಿಟಿವಿಯ 3+1 ಕೇಬಲ್. ಒಂದು ಕೋಆ್ಯಕ್ಸ್, ಜೊತೆಗೆ ಮೂರು ತೆಳು ತಂತಿಗಳಿರುವ ಬಿಳಿ ಕೇಬಲ್. ಅಂಗಡಿಯಲ್ಲಿ "ಬಿಎನ್‌ಸಿ ವೈರ್ ಕೊಡಿ" ಅಂದರೆ ಕೈಗೆ ಬರುವುದು ಅದೇ. ಅಗ್ಗದ ಮಾಲಿನಲ್ಲಿ ಒಳತಂತಿ ಪೂರ್ತಿ ತಾಮ್ರ ಅಲ್ಲ, ಹೊರಗಿನ ಜಾಲರಿಯೂ ತೆಳು. ಅನಲಾಗ್ ಕಾವಲು ಕ್ಯಾಮೆರಾಗೆ ಅದು ಸಾಕು. ಎಸ್‌ಡಿಐಯಲ್ಲೇ ವೇಗದ ಬೇರೆ ಬೇರೆ ಮಟ್ಟಗಳಿವೆ (ಮೊಬೈಲಿನ 3ಜಿ ಅಲ್ಲ): ಎಚ್‌ಡಿ-ಎಸ್‌ಡಿಐ ಸೆಕೆಂಡಿಗೆ 1.485 ಗಿಗಾಬಿಟ್, 3ಜಿ 2.97, 12ಜಿ 11.88 ಗಿಗಾಬಿಟ್ ಹೊರುತ್ತದೆ. ಅಷ್ಟು ಭಾರ ಆ ಬಡಪಾಯಿ ಕೇಬಲ್ಲಿಗೆ ಆಗುವುದಿಲ್ಲ.

ದೂರದ ಲೆಕ್ಕ ಹೀಗಿಟ್ಟುಕೊಳ್ಳಿ. ಒಳ್ಳೆಯ ಆರ್‌ಜಿ-6 ದಪ್ಪದ ಎಸ್‌ಡಿಐ ಕೇಬಲ್ಲಿನಲ್ಲಿ ಎಚ್‌ಡಿಗೆ 100 ಮೀಟರ್, 3ಜಿಗೆ 70, 12ಜಿಗೆ 40. ಇದು ನಾನು ಸುರಕ್ಷಿತ ಅಂತ ಪಾಲಿಸುವ ಅಂದಾಜು. ಕೇಬಲ್, ರಿಸೀವರ್ ಚೆನ್ನಾಗಿದ್ದರೆ ಇನ್ನೂ ದೂರ ಹೋಗಬಹುದು. ತೆಳ್ಳನೆಯ ಕೇಬಲ್ಲಾದರೆ ಇಷ್ಟೂ ಇಲ್ಲ. ನಡುವೆ ಜೋಡಿಸಿದ ಪ್ರತಿ ಜಾಯಿಂಟ್ ಇದರಲ್ಲಿ ಒಂದಿಷ್ಟು ತಿನ್ನುತ್ತದೆ.

ಅನಲಾಗ್ ಕಾಲದಲ್ಲಿ ಕೇಬಲ್ ಉದ್ದವಾದಂತೆ ಚಿತ್ರ ಮೆಲ್ಲಗೆ ಮಂಕಾಗುತ್ತಿತ್ತು. ಎಸ್‌ಡಿಐ ಹಾಗಲ್ಲ. ಒಂದು ಮಟ್ಟದ ತನಕ ಪಕ್ಕಾ ಇರುತ್ತದೆ, ಆಮೇಲೆ ಬಿಳಿ ಚುಕ್ಕಿಗಳು ಮಿನುಗುತ್ತವೆ, ಇನ್ನೂ ಕೆಲವೇ ಮೀಟರ್ ಹೆಚ್ಚಾದರೆ ಪೂರ್ತಿ ಕಪ್ಪು. ಆದ್ದರಿಂದ ಚುಕ್ಕಿ ಕಂಡರೆ "ಪರವಾಗಿಲ್ಲ, ದೂರದಿಂದ ಕಾಣಲ್ಲ" ಅನ್ನಬೇಡಿ. ಅದು ಬಂಡೆಯ ಅಂಚು. ಕೇಬಲ್ ಬದಲಿಸಿ, ಇಲ್ಲವೇ ನಡುವೆ ಸಿಗ್ನಲ್ಲನ್ನು ಮತ್ತೆ ಶುದ್ಧ ಮಾಡಿ ಕಳಿಸುವ (ರೀಕ್ಲಾಕ್ ಮಾಡುವ) ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಹಾಕಿ. ತೀರಾ ದೂರವಾದರೆ ಫೈಬರ್.

ಕನೆಕ್ಟರಿನಲ್ಲಿ ನೋಡುವುದು ಇಷ್ಟು: ನಡುವಿನ ಪಿನ್ ಒಳಗೆ ಸರಿದಿದೆಯಾ, ಜಾಲರಿಯ ಒಂದು ಎಳೆ ಪಿನ್ನಿಗೆ ತಾಗಿದೆಯಾ, ಕೇಬಲ್ಲಿಗೆ ಒತ್ತಿ ಹಿಡಿದ ಕ್ರಿಂಪ್ ಸಡಿಲವಾ. ಕೇಬಲ್ ಎರಡೂ ತುದಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಪಿನ್ನಿನಿಂದ ಪಿನ್ನಿಗೆ ಬೀಪ್ ಬರಬೇಕು, ಪಿನ್ನಿನಿಂದ ಹೊರಕವಚಕ್ಕೆ ಬರಬಾರದು. ಬೀಪ್ ಬಂದಾಕ್ಷಣ ಕೇಬಲ್ ಸರಿ ಅಂತ ಮಾತ್ರ ತಿಳಿಯಬೇಡಿ. ಕುರ್ಚಿ ಕಾಲಿನಡಿ ಜಜ್ಜಿದ, ಟೈ ಹಾಕಿ ಬಿಗಿದ, ಟ್ರಾಲಿ ಹತ್ತಿದ ಕೇಬಲ್ಲೂ ಬೀಪ್ ಕೊಡುತ್ತದೆ, 3ಜಿ ಮಾತ್ರ ಹೊರುವುದಿಲ್ಲ.

ಕೇಬಲ್ ಸರಿಯಿದ್ದೂ ಚಿತ್ರ ಇಲ್ಲವೇ?

ಹಾಗಾದರೆ ಫಾರ್ಮ್ಯಾಟ್, ಅಂದರೆ ಚಿತ್ರದ ಅಳತೆ ಮತ್ತು ವೇಗ. 1080ಐ50 ಅಂತ ಬರೆದರೆ 1080 ಗೆರೆಗಳ ಸಂಖ್ಯೆ, ಐ ಅಂದರೆ ಒಂದು ಬಿಟ್ಟು ಒಂದು ಗೆರೆ (ಪಿ ಅಂದರೆ ಪೂರ್ತಿ ಚಿತ್ರ), 50 ಸೆಕೆಂಡಿಗೆ ಎಷ್ಟು ಸಲ ಅನ್ನುವುದು. ಸಾಮಾನ್ಯ ರೂಟರ್ ಬಂದದ್ದನ್ನು ಬಂದಂತೆಯೇ ದಾಟಿಸುತ್ತದೆ. ಒಂದು ಇನ್‌ಪುಟ್ 1080ಐ50, ಇನ್ನೊಂದು 1080ಪಿ60 ಇದ್ದರೂ ಅದಕ್ಕೆ ಚಿಂತೆಯಿಲ್ಲ. ಚಿಂತೆ ಆ ತುದಿಯ ಮಾನಿಟರಿಗೆ, ರೆಕಾರ್ಡರಿಗೆ, ಎಲ್‌ಇಡಿ ಗೋಡೆಯ ಪ್ರೊಸೆಸರಿಗೆ. ನಮ್ಮ ಕ್ಯಾಮೆರಾಗಳನ್ನು ಸಾಮಾನ್ಯವಾಗಿ 50ಕ್ಕೆ ಇಟ್ಟಿರುತ್ತೇವೆ, ಲ್ಯಾಪ್‌ಟಾಪ್ ತಾನಾಗಿ 60ಕ್ಕೆ ಹೋಗುತ್ತದೆ. ಕ್ಯಾಮೆರಾ ಬರುತ್ತದೆ, ಪಿಪಿಟಿ ಬರುವುದಿಲ್ಲ ಅಂದರೆ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1920×1080, 50 ಹರ್ಟ್ಸ್ ಮಾಡಿ. ಅದೇ ಚಿತ್ರ ಆದರೂ 59.94 ಮತ್ತು 60 ಬೇರೆ ಬೇರೆ ಅನ್ನುವುದೂ ನೆನಪಿರಲಿ.

3ಜಿಯಲ್ಲಿ ಇನ್ನೊಂದು ಗುಟ್ಟಿದೆ. ಅದರಲ್ಲಿ ಲೆವೆಲ್ ಎ, ಲೆವೆಲ್ ಬಿ ಅಂತ ಎರಡು ಬಗೆ. ಎ ಮಾತ್ರ ಗೊತ್ತಿರುವ ಮಾನಿಟರಿಗೆ ಬಿ ಕೊಟ್ಟರೆ ಕಪ್ಪು. 1080ಐ50 ಬರುತ್ತಿದೆ, 1080ಪಿ50 ಬರುತ್ತಿಲ್ಲ ಅಂದಾಗ ಕ್ಯಾಮೆರಾ ಅಥವಾ ಕನ್ವರ್ಟರಿನ ಮೆನುವಿನಲ್ಲಿ ಇದನ್ನು ಬದಲಿಸಿ ನೋಡಿ.

ಎಚ್‌ಡಿಎಂಐನಿಂದ ಎಸ್‌ಡಿಐಗೆ ಬರುವ ಕಡೆ ಎರಡು ಬಲೆಗಳು. ಮೊದಲನೆಯದು ಎಚ್‌ಡಿಸಿಪಿ ಅನ್ನುವ ಕಾಪಿ ತಡೆ. ಸೆಟ್‌ಟಾಪ್ ಬಾಕ್ಸ್‌ನ ಚಿತ್ರ ಕನ್ವರ್ಟರ್ ದಾಟುವುದಿಲ್ಲ, ಅದು ದೋಷವಲ್ಲ, ಹಾಗೇ ಮಾಡಿಟ್ಟಿದ್ದಾರೆ. ಎರಡನೆಯದು ಪವರ್. ಪುಟ್ಟ ಕನ್ವರ್ಟರುಗಳಿಗೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟ್ ಕೊಟ್ಟಿರುತ್ತೇವೆ. ಲ್ಯಾಪ್‌ಟಾಪ್ ನಿದ್ದೆ ಹೋದರೆ ಕನ್ವರ್ಟರೂ ನಿದ್ದೆ. "ಭಾಷಣದ ನಡುವೆ ತಾನಾಗಿ ಹೋಯಿತು, ಮೌಸ್ ಅಲ್ಲಾಡಿಸಿದರೆ ಬಂತು" ಅಂದರೆ ಇದೇ.

ಚಿತ್ರ ಬದಲಿಸುವಾಗ ಮಾತ್ರ ಜಿಗಿದರೆ ಅದು ಕನೆಕ್ಷನ್ ತೊಂದರೆ ಅಲ್ಲ, ರೆಫರೆನ್ಸ್, ಅಂದರೆ ಎಲ್ಲ ಸಾಧನಗಳೂ ಒಂದೇ ತಾಳಕ್ಕೆ ನಡೆಯುವಂತೆ ಮಾಡುವ ಸಿಗ್ನಲ್, ಇಲ್ಲದ್ದು. ಬ್ಲ್ಯಾಕ್ ಬರ್ಸ್ಟ್ ಅಥವಾ ಟ್ರೈ-ಲೆವೆಲ್ ಸಿಂಕ್ ಸಿಗ್ನಲ್ಲನ್ನು ರೂಟರಿನ ರೆಫರೆನ್ಸ್ ಪೋರ್ಟಿಗೂ ಕ್ಯಾಮೆರಾಗಳ ಜೆನ್‌ಲಾಕ್ ಪೋರ್ಟಿಗೂ (ಆ ತಾಳ ಪಡೆಯುವ ಜಾಗ) ಕೊಟ್ಟರೆ ರೂಟರ್ ಎರಡು ಫ್ರೇಮ್‌ಗಳ ನಡುವಿನ ಖಾಲಿ ಗೆರೆಗಳಲ್ಲಿ ಬದಲಾವಣೆ ಮಾಡುತ್ತದೆ. ರೂಟರಿಗೆ ಮಾತ್ರ ಕೊಟ್ಟು ಕ್ಯಾಮೆರಾಗಳಿಗೆ ಕೊಡದಿದ್ದರೆ ಪ್ರಯೋಜನವಿಲ್ಲ. ಸುಮ್ನೆ ಮಾನಿಟರ್‌ಗೆ ಚಿತ್ರ ಹಂಚಲು ಇಟ್ಟ ರೂಟರಾದರೆ ರೆಫರೆನ್ಸ್ ಇಲ್ಲದೆಯೂ ನಡೆಯುತ್ತದೆ.

ಬಿಎನ್‌ಸಿ ಮುಟ್ಟಿದಾಗ ಜುಮ್ ಅಂದರೆ

ಇಲ್ಲಿ ನಿಧಾನಿಸಿ. ವೇದಿಕೆ ಜನರೇಟರಿನಲ್ಲಿ, ಕಂಟ್ರೋಲ್ ಕೋಣೆ ಕಟ್ಟಡದ ಕರೆಂಟಿನಲ್ಲಿ ಇದ್ದಾಗ ಎರಡು ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸದ ಕರೆಂಟ್ ನಿಮ್ಮ ಬಿಎನ್‌ಸಿ ಕೇಬಲ್ಲಿನ ಜಾಲರಿಯಲ್ಲಿ ಹರಿಯುತ್ತದೆ. ಎಸ್‌ಡಿಐ ಸಿಗ್ನಲ್ ಇರುವುದೇ 800 ಮಿಲಿವೋಲ್ಟ್. ಚಿತ್ರ ತಟ್ಟನೆ ಹೋಗಿ ಬರುವುದು ಇದರ ಒಂದು ಲಕ್ಷಣ. ಜಾಸ್ತಿಯಾದರೆ ಪೋರ್ಟೇ ಸುಟ್ಟುಹೋಗುತ್ತದೆ.

ಕೇಬಲ್ ಜೋಡಿಸುವ ಮುಂಚೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಬರುತ್ತಿರುವ ಕೇಬಲ್ಲಿನ ಹೊರಕವಚಕ್ಕೂ ರೂಟರಿನ ಬಿಎನ್‌ಸಿ ಕವಚಕ್ಕೂ ನಡುವೆ ಅಳೆಯಿರಿ. ಒಂದೆರಡು ವೋಲ್ಟ್ ಕಂಡರೂ ಅನುಮಾನ ಪಡಿ. ಹತ್ತಾರು ವೋಲ್ಟ್ ಕಂಡರೆ ಜೋಡಿಸಲೇಬೇಡಿ, ಎಲೆಕ್ಟ್ರಿಷಿಯನ್‌ನ ಕರೆಯಿರಿ. ಸಾಧ್ಯವಾದರೆ ಕ್ಯಾಮೆರಾ, ರೂಟರ್ ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡಿ. ಆಗದಿದ್ದರೆ ಲೋಹದ ತಂತಿ ಇಲ್ಲದ ಫೈಬರ್ ಹಾಕಿ. ಪ್ಲಗ್ಗಿನ ಮೂರನೇ ಪಿನ್ ಮುರಿದು "ಹಮ್ ಹೋಯ್ತು" ಅನ್ನುವವರು ನಮ್ಮಲ್ಲಿ ಇದ್ದಾರೆ. ಅವರಿಂದ ದೂರ ಇರಿ. ಆ ಪಿನ್ ಜೀವ ಉಳಿಸಲು ಇರುವುದು.

ಕ್ಯಾಮೆರಾ ಪಕ್ಕದ ಸಾಮಾನಿಗೆ ಒಂದು ಕ್ರಮ ಇಟ್ಟುಕೊಳ್ಳಿ. ಜೋಡಿಸುವಾಗ ಮೊದಲು ಪವರ್, ಕೊನೆಗೆ ಎಸ್‌ಡಿಐ. ಬಿಚ್ಚುವಾಗ ಮೊದಲು ಎಸ್‌ಡಿಐ, ಕೊನೆಗೆ ಪವರ್. ಉಲ್ಟಾ ಮಾಡಿದರೆ ಪವರ್ ಕರೆಂಟ್ ಎಸ್‌ಡಿಐ ಜಾಲರಿಯ ಮೂಲಕ ದಾರಿ ಹುಡುಕಿಕೊಳ್ಳಬಹುದು. ಹಾಗೆ ಸುಟ್ಟ ಔಟ್‌ಪುಟ್ ರಿಪೇರಿಗೆ ನಾನು ತೆತ್ತ ಹಣದಲ್ಲಿ ಒಂದು ಹೊಸ ಮಾನಿಟರ್ ಬರುತ್ತಿತ್ತು.

ಪೆಟ್ಟಿಗೆಯಲ್ಲಿ ಇರಲಿ

ಒಂದು ಮೀಟರಿನ ಎರಡು ಖಾತ್ರಿ ಬಿಎನ್‌ಸಿ ಕೇಬಲ್, ಕಣ್ಣಿಗೆ ಹೊಡೆಯುವ ಕೆಂಪು ಬಣ್ಣದ್ದು, ಯಾರೂ ಕೆಲಸಕ್ಕೆ ಎತ್ತಿಕೊಳ್ಳದಂತೆ. ಡೇಟಾ ಹೋಗುವ ಯುಎಸ್‌ಬಿ ಕೇಬಲ್. ಮಲ್ಟಿಮೀಟರ್. ಬ್ಯಾಟರಿ ಮಾನಿಟರ್. ಕಲರ್ ಬಾರ್ (ಪರೀಕ್ಷೆಗೆಂದೇ ಇರುವ ಬಣ್ಣದ ಪಟ್ಟಿಗಳ ಚಿತ್ರ) ಕೊಡುವ ಒಂದು ಮೂಲ. ಕ್ಯಾಮೆರಾದ ಬಾರ್ಸ್ ಬಟನ್ ಆದರೂ ಸಾಕು. ರೂಟರಿನ ಮೇಲೆ ಬಿಳಿ ಟೇಪಿನಲ್ಲಿ ಅದರ ಐಪಿ ವಿಳಾಸ ಬರೆದು ಅಂಟಿಸಿ. ಸಾಫ್ಟ್‌ವೇರ್‌ನಲ್ಲಿ "ಇನ್‌ಪುಟ್ 7" ಅಂತ ಬಿಡದೆ "ಎಡ ಕ್ಯಾಮೆರಾ", "ಪಿಪಿಟಿ" ಅಂತ ಹೆಸರಿಡಿ, ಅದೇ ಹೆಸರನ್ನು ಕೇಬಲ್ಲಿನ ಎರಡೂ ತುದಿಗೆ ಬರೆಯಿರಿ. ಕೆಟ್ಟ ಕೇಬಲ್ ಸಿಕ್ಕರೆ ಅಲ್ಲೇ ತುದಿಗೆ ಒಂದು ಗಂಟು ಹಾಕಿ. ಇಲ್ಲದಿದ್ದರೆ ಅದು ಮುಂದಿನ ಭಾನುವಾರ ಮತ್ತೆ ಅದೇ ಚೀಲದಿಂದ ನಿಮ್ಮ ಕೈಗೇ ಬರುತ್ತದೆ.